ವರ್ಷಕ್ಕೆ 70,800 ರೂಪಾಯಿ ಕೊಟ್ಟು ಕೊಂಡ ಫೋನ್ ನಂಬರ್‌ಗಳು

ಪೀಣ್ಯ ಎರಡನೇ ಹಂತದ ಒಂದು ಸಣ್ಣ ಮೆಷಿನಿಂಗ್ ಕಂಪನಿಯಲ್ಲಿ ನಾನು ಬಿಸಿನೆಸ್ ಡೆವಲಪ್‌ಮೆಂಟ್ ನೋಡಿಕೊಳ್ಳುತ್ತೇನೆ. ಕಾರ್ಡಿನಲ್ಲಿ ಮ್ಯಾನೇಜರ್ ಅಂತ ಇದೆ, ಕೈಕೆಳಗೆ ಯಾರೂ ಇಲ್ಲ. ಲೋಹ ಕಡೆಯುವ ನಾಲ್ಕು ಸಿಎನ್‌ಸಿ ಲೇತ್, ಕೆತ್ತುವ ಎರಡು ವಿಎಂಸಿ, ಉಜ್ಜಿ ನಯ ಮಾಡುವ ಒಂದು ಸಿಲಿಂಡ್ರಿಕಲ್ ಗ್ರೈಂಡರ್. ಇವುಗಳಿಗೆ ದಿನಾ ಮೇವು ಹುಡುಕಿ ತರುವುದು ನನ್ನ ಪಾಡು. ನಮ್ಮದೇ ಅಂತ ಒಂದು ಪ್ರಾಡಕ್ಟ್ ಇಲ್ಲ. ಗಿರಾಕಿ ಅಳತೆಗಳಿರುವ ಡ್ರಾಯಿಂಗ್ ಕೊಡುತ್ತಾರೆ, ನಾವು ಮಾಡಿ ಕೊಡುತ್ತೇವೆ. ಮಾಲು ಬೇಕು ಅಂತ ವಿಚಾರಿಸುವವರ ಫೋನ್ ನಂಬರ್ (ಅದಕ್ಕೇ 'ಲೀಡ್' ಅನ್ನುತ್ತಾರೆ) ಮಾರುವ ಆನ್‌ಲೈನ್ ಸರ್ವಿಸ್ ಮೇಲಿನ ನನ್ನ ತಕರಾರೆಲ್ಲ ಶುರುವಾಗುವುದು ಇಲ್ಲಿಂದಲೇ.

ಎರಡು ವರ್ಷದ ಹಿಂದೆ ನಮ್ಮ ದೊಡ್ಡ ಗಿರಾಕಿಯೊಬ್ಬರು ಆರ್ಡರ್ ಅರ್ಧಕ್ಕೆ ಇಳಿಸಿದರು. ಎರಡು ಮೆಷಿನ್ ಖಾಲಿ ನಿಂತವು. ಆಗಲೇ ಈ ಆನ್‌ಲೈನ್ ಲೀಡ್ ಸರ್ವಿಸ್‌ನ ಹುಡುಗ ಆಫೀಸಿಗೆ ಬಂದ. ಹೆಸರು ಬರೆಯುವುದಿಲ್ಲ, ಇಂಥವು ಬೇಕಾದಷ್ಟಿವೆ, ಕಥೆ ಹೆಚ್ಚುಕಮ್ಮಿ ಒಂದೇ. ವರ್ಷಕ್ಕೆ 60,000, ಜೊತೆಗೆ 18% ಜಿಎಸ್‌ಟಿ, ಒಟ್ಟು 70,800. "ಸರ್, ವಾರಕ್ಕೆ ಇಷ್ಟು ಲೀಡ್ ಗ್ಯಾರಂಟಿ" ಅಂದ. ಲೀಡ್ ಗ್ಯಾರಂಟಿ ಅಂದಿದ್ದನೇ ಹೊರತು ಆರ್ಡರ್ ಗ್ಯಾರಂಟಿ ಅನ್ನಲಿಲ್ಲ. ಅದು ನನಗೆ ಆವತ್ತೇ ಹೊಳೆಯಬೇಕಿತ್ತು.

ಲೀಡ್ ಬಂದದ್ದು ನಿಜ. ಮೊದಲ ವಾರ ಫೋನ್ ಕೆಳಗಿಡೋಕೆ ಪುರುಸೊತ್ತಿರಲಿಲ್ಲ. ಒಬ್ಬರಿಗೆ ಸೆಕೆಂಡ್ ಹ್ಯಾಂಡ್ ಲೇತ್ ಬೇಕಿತ್ತು. ಇನ್ನೊಬ್ಬರಿಗೆ ಗೇಟಿಗೆ ಹಾಕುವ ಹಿಂಜ್ ಬೇಕು, ಎರಡೇ ಎರಡು. ಕಾಲೇಜು ಹುಡುಗನೊಬ್ಬ ಪ್ರಾಜೆಕ್ಟಿಗೆ ಒಂದು ಗೇರ್ ಮಾಡಿಕೊಡಿ ಅಂಕಲ್ ಅಂದ. ಪಾಪ, ಅವನದು ತಪ್ಪೇನಲ್ಲ, ಗೇರ್ ಕಟಿಂಗ್ ಮಾಡುವ ಹತ್ತಿರದ ವರ್ಕ್‌ಶಾಪಿನ ದಾರಿ ಹೇಳಿದೆ.

ಒಂದು ಎನ್‌ಕ್ವೈರಿ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. "ಶಾಫ್ಟ್, 500 ನಂಬರ್, ಅರ್ಜೆಂಟ್." ಅಂದರೆ ಮೆಷಿನ್ ಒಳಗೆ ತಿರುಗುವ ದಂಡ, 500 ಪೀಸ್. ಕುರ್ಚಿಯಿಂದ ಎದ್ದು ನಿಂತೇ ಫೋನ್ ಮಾಡಿದೆ. ಡ್ರಾಯಿಂಗ್ ಕಳಿಸಿ ಸರ್ ಅಂದರೆ ವಾಟ್ಸಾಪ್‌ನಲ್ಲಿ ಒಂದು ಫೋಟೊ ಬಂತು. ನ್ಯೂಸ್ ಪೇಪರ್ ಮೇಲೆ ತುಕ್ಕು ಹಿಡಿದ ಒಂದು ಶಾಫ್ಟ್, ಅಳತೆ ಗೊತ್ತಾಗಲಿ ಅಂತ ಪಕ್ಕದಲ್ಲಿ ಹತ್ತು ರೂಪಾಯಿ ನಾಣ್ಯ. ಮೆಟೀರಿಯಲ್ ಏನು ಸರ್, ಇಎನ್ 8ಆ, ಇಎನ್ 19ಆ ಅಂತ ಉಕ್ಕಿನ ಗ್ರೇಡ್ ಕೇಳಿದೆ. "ಕಬ್ಬಿಣ" ಅಂದರು. ಬೇರಿಂಗ್ ಎಲ್ಲಿ ಕೂರುತ್ತೆ ಅಂದೆ. "ನೀವು ಮೊದಲು ರೇಟ್ ಹೇಳಿ, ಆಮೇಲೆ ಅದೆಲ್ಲ."

ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. 25 ಎಂಎಂ ಶಾಫ್ಟ್‌ನಲ್ಲಿ ಬೇರಿಂಗ್ ಕೂರುವ ಜಾಗಕ್ಕೆ ಎಚ್6 ಟಾಲರೆನ್ಸ್ (ಅಳತೆ ಎಷ್ಟು ಹೆಚ್ಚುಕಮ್ಮಿ ಆಗಬಹುದು ಅನ್ನುವ ಮಿತಿ) ಕೇಳಿದರೆ, ಅಳತೆ 25ಕ್ಕಿಂತ ಒಂದು ಕೂದಲೂ ಜಾಸ್ತಿ ಇರಬಾರದು, ಕಡಿಮೆ ಅಂದರೆ 13 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಎಂಎಂನ ಸಾವಿರದಲ್ಲಿ ಒಂದು ಭಾಗ) ಮಾತ್ರ ಕಡಿಮೆ ಇರಬಹುದು. 500 ಪೀಸಿಗೂ ಆ ಅಳತೆ ಗ್ಯಾರಂಟಿ ಕೊಡಬೇಕು ಅಂದರೆ ನಾವು ಬರೀ ಲೇತ್ ನಂಬಿ ಕೂರುವುದಿಲ್ಲ, ಗ್ರೈಂಡಿಂಗಿಗೆ ಹಾಕುತ್ತೇವೆ. ಹಾಕಿದ ಕೂಡಲೇ ರೇಟ್ ಬೇರೆಯೇ. ಆ ಒಂದು ಗೆರೆ ಡ್ರಾಯಿಂಗ್‌ನಲ್ಲಿ ಇದೆಯಾ ಇಲ್ವಾ ಅಂತ ಗೊತ್ತಿಲ್ಲದೆ ರೇಟ್ ಹೇಳುವುದು ಅಂದರೆ ಕಣ್ಣು ಮುಚ್ಚಿ ಬಾವಿಗೆ ಹಾರಿದ ಹಾಗೆ. ನಾನು ಹೇಳಲಿಲ್ಲ. ಮಾರನೆಯ ದಿನ ಫೋನ್ ಮಾಡಿದರೆ, ಬೇರೆಯವರು ಆಗಲೇ ರೇಟ್ ಕೊಟ್ಟರು ಅಂದರು. ಯಾರು ಕೊಟ್ಟರೋ, ಹೇಗೆ ಮಾಡಿ ಕೊಟ್ಟರೋ ದೇವರೇ ಬಲ್ಲ.

ಆಮೇಲೆ ಗೊತ್ತಾಯಿತು, ಒಂದೇ ಎನ್‌ಕ್ವೈರಿ ನಮ್ಮಂಥ ಐದಾರು ಜನಕ್ಕೆ ಒಟ್ಟಿಗೆ ಹೋಗುತ್ತೆ ಅಂತ. ಮೊದಲು ಫೋನ್ ಮಾಡಿದವನೇ ಗೆದ್ದ. ಸ್ಟಾಕ್ ಇಟ್ಟು ಮಾರುವವರಿಗೆ, ಅಂದರೆ ಬೋಲ್ಟು, ವಾಲ್ವು, ಪಂಪು ಮಾರುವವರಿಗೆ ಇದು ಸರಿ. ರೇಟ್ ಲಿಸ್ಟ್ ಕೈಯಲ್ಲೇ ಇರುತ್ತೆ, ಒಂದು ನಿಮಿಷದ ಕೆಲಸ. ನಮ್ಮ ರಸ್ತೆಯಲ್ಲೇ ಹೈಡ್ರಾಲಿಕ್ ಫಿಟ್ಟಿಂಗ್ ಮಾರುವ ಗೆಳೆಯರೊಬ್ಬರು ಇದೇ ಸರ್ವಿಸ್ ತಗೊಂಡು ಖುಷಿಯಾಗಿದ್ದಾರೆ, ಅವರನ್ನು ಕೇಳಿದರೆ 5ಕ್ಕೆ 4 ಸ್ಟಾರ್ ಕೊಡುತ್ತಾರೆ. ನಮಗೆ ಹಾಗಲ್ಲ. ಒಂದು ಬಿಡಿಭಾಗಕ್ಕೆ ಕೊಟೇಶನ್ ಮಾಡೋಕೆ ಶಾಪ್ ಫ್ಲೋರ್ ಇನ್‌ಚಾರ್ಜ್ ಜೊತೆ ಕೂತು, ಸೈಕಲ್ ಟೈಮ್ (ಒಂದು ಪೀಸಿಗೆ ಮೆಷಿನ್ ತಗೊಳ್ಳುವ ಹೊತ್ತು) ಲೆಕ್ಕ ಹಾಕಿ, ಕಚ್ಚಾ ಮಾಲಿನ ಇವತ್ತಿನ ರೇಟ್ ಕೇಳಿ, ಪ್ಲೇಟಿಂಗ್‌ನವರಿಗೆ ಫೋನ್ ಮಾಡಿ ಮುಗಿಸುವಷ್ಟರಲ್ಲಿ ಅರ್ಧ ದಿನ ಹೋಗಿರುತ್ತೆ. ಅಷ್ಟು ಹೊತ್ತಿಗೆ ಆ ಕಡೆಯವರು ಫೋನೇ ಎತ್ತುವುದಿಲ್ಲ.

ದುಡ್ಡಿನ ವಿಷಯ ಬೇರೆ. ಎನ್‌ಕ್ವೈರಿ ಕಳಿಸಿದವರು ಯಾರು, ಬಿಲ್ ಕಟ್ಟುವವರಾ ಅಂತ ಈ ಸರ್ವಿಸ್ ನೋಡುವುದಿಲ್ಲ. ಜಿಎಸ್‌ಟಿ ನಂಬರ್ ಇದ್ದರೆ ಮುಗಿಯಿತು, 'ವೆರಿಫೈಡ್' ಅಂತ ಹಸಿರು ಗುರುತು. ಸಣ್ಣ ಕಂಪನಿಗಳಿಗೆ ಬರೆದುಕೊಂಡ ಒಪ್ಪಂದ ಇದ್ದರೂ 45 ದಿನಕ್ಕಿಂತ ಜಾಸ್ತಿ ಬಾಕಿ ಇಡುವಂತಿಲ್ಲ ಅಂತ 2006ರ ಎಂಎಸ್‌ಎಂಇಡಿ ಕಾಯ್ದೆ ಹೇಳುತ್ತೆ. ಹಸಿರು ಗುರುತಿನ ಒಬ್ಬರು ನನ್ನ ಹತ್ರ 120 ದಿನ ಕೇಳಿದರು, ಅದೂ ಮೊದಲ ಆರ್ಡರಿಗೆ. ಕಾಯ್ದೆ ಹೆಸರು ಎತ್ತಿದರೆ ನಕ್ಕರು.

ಹಾಗಂತ ಬರೀ ಬೈದರೆ ಅನ್ಯಾಯ ಆಗುತ್ತೆ. ಏಳನೇ ತಿಂಗಳಲ್ಲಿ ಹುಬ್ಬಳ್ಳಿಯ ತಾರಿಹಾಳದಿಂದ ಒಂದು ಎನ್‌ಕ್ವೈರಿ ಬಂತು. ಮಸಾಲೆ ಪ್ಯಾಕಿಂಗ್ ಮೆಷಿನ್ ಮಾಡುವವರು. ಪಿಡಿಎಫ್ ಇರಲಿಲ್ಲ, ಚೌಕುಳಿ ಹಾಳೆಯ ಮೇಲೆ ಪೆನ್ಸಿಲ್‌ನಲ್ಲಿ ಬರೆದ ಸ್ಕೆಚ್. ಆದರೆ ಅದರಲ್ಲಿ ಎಲ್ಲ ಇತ್ತು! ಎಸ್‌ಎಸ್ 304 ಸ್ಟೇನ್‌ಲೆಸ್ ಸ್ಟೀಲ್, ಉದ್ದ, ಕೀವೇ ಸೀಳಿನ ಅಳತೆ, ಎಲ್ಲಿ ಟಾಲರೆನ್ಸ್ ಬಿಗಿ ಬೇಕು, ಎಲ್ಲಿ ಹೆಚ್ಚುಕಮ್ಮಿ ಆದರೂ ನಡೆಯುತ್ತೆ ಅಂತ. ಮೂಲೆಯಲ್ಲಿ "ಇಲ್ಲಿ ಪಾಲಿಶ್ ಬ್ಯಾಡ್ರಿ, ಸುಮ್ನ ರೊಕ್ಕ ದಂಡ" ಅಂತ ಬೇರೆ ಬರೆದಿದ್ದರು. ಅರ್ಧ ಗಂಟೆಯಲ್ಲಿ ಕೊಟೇಶನ್ ಹೋಯಿತು. 40 ಪೀಸಿನ ಆರ್ಡರ್, ಈಗ ಮೂರು ತಿಂಗಳಿಗೊಮ್ಮೆ ಬರುತ್ತಿದೆ, ದುಡ್ಡೂ ಹೇಳಿದ ದಿನಕ್ಕೆ ಬರುತ್ತಿದೆ. ಕೊಟ್ಟ 70,800 ಇವರೊಬ್ಬರಿಂದಲೇ ವಾಪಸ್ ಬಂತು ಅಂತ ಓನರ್ ಲೆಕ್ಕ ತೋರಿಸುತ್ತಾರೆ. ನನ್ನ ಏಳು ತಿಂಗಳ ಫೋನ್ ಆ ಲೆಕ್ಕದಲ್ಲಿ ಇಲ್ಲ.

ಹೋಲಿಕೆಗೆ ಇನ್ನೊಂದು ಹೇಳುತ್ತೇನೆ. 2025ರ ಜನವರಿಯಲ್ಲಿ ತುಮಕೂರು ರಸ್ತೆಯ ವಸ್ತುಪ್ರದರ್ಶನ ಕೇಂದ್ರ ಬಿಐಇಸಿಯಲ್ಲಿ ಇಮ್‌ಟೆಕ್ಸ್ ಇತ್ತು. ಅದು ಮೆಷಿನ್ ಮಾರುವವರ ಜಾತ್ರೆ, ನಮಗೆ ಅಲ್ಲಿ ಸ್ಟಾಲ್ ಇಲ್ಲ. 2024ರ ನವೆಂಬರ್‌ನಲ್ಲಿ ಮೆಟ್ರೊ ನಾಗಸಂದ್ರದಿಂದ ಬಿಐಇಸಿ ಪಕ್ಕದ ಮಾದಾವರದವರೆಗೆ ಶುರುವಾಗಿದ್ದರಿಂದ ಟ್ರಾಫಿಕ್ ಕಾಟ ಇಲ್ಲದೆ ಎರಡು ದಿನ ಹೋಗಿ ಬಂದೆ. ಜೇಬಲ್ಲಿ ನಮ್ಮದೇ ಒಂದು ಗ್ರೈಂಡ್ ಮಾಡಿದ ಬುಷ್ (ಶಾಫ್ಟ್ ಕೂರುವ ಟೊಳ್ಳು ಕೊಳವೆಯಂಥದ್ದು) ಇಟ್ಟುಕೊಂಡಿದ್ದೆ. ಕಾಫಿ ಕ್ಯೂನಲ್ಲಿ ಪಕ್ಕದವರ ಕೈಗೆ ಅದನ್ನು ಕೊಟ್ಟರೆ ಸಾಕು, ಪ್ರೊಡಕ್ಷನ್‌ನವರು ಆಗಿದ್ದರೆ ಹೆಬ್ಬೆರಳಿನಿಂದ ಒಳಗೆ ಒಮ್ಮೆ ಸವರಿ, ಬೆಳಕಿಗೆ ಹಿಡಿದು, ಆಮೇಲೆ "ಎಲ್ಲಿ ನಿಮ್ಮ ಫ್ಯಾಕ್ಟರಿ?" ಅನ್ನುತ್ತಾರೆ. ಹಾಗೆ ಸಿಕ್ಕಿದ ಇಬ್ಬರು ಫ್ಯಾಕ್ಟರಿಗೇ ಬಂದು ನೋಡಿದರು. ಆ ಎರಡು ದಿನದ ಖರ್ಚು ಮೆಟ್ರೊ ಟಿಕೆಟ್, ಊಟ ಮತ್ತು ಕಾಲುನೋವು.

ನನ್ನ ರೇಟಿಂಗ್ 5ಕ್ಕೆ 2. ತಾರಿಹಾಳದವರಿಗೆ ಒಂದು, ನಮ್ಮ ರಸ್ತೆಯ ಗೆಳೆಯರ ಮಾತಿಗೆ ಒಂದು. ಡ್ರಾಯಿಂಗ್ ನೋಡಿ ಕೆಲಸ ಮಾಡುವವರು ನೀವಾದರೆ ಒಂದು ವರ್ಷದ ಪ್ಯಾಕ್ ಕಟ್ಟಬೇಡಿ, ಮೂರು ತಿಂಗಳದ್ದು ಕೇಳಿ, ಮೊದಲು ಇಲ್ಲ ಅಂತಾರೆ, ತಿಂಗಳ ಕೊನೆಯಲ್ಲಿ ಟಾರ್ಗೆಟ್ ಬಾಕಿ ಇದ್ದಾಗ ಹೂಂ ಅಂತಾರೆ.

ನಾವು ರಿನ್ಯೂ ಮಾಡಿಲ್ಲ. ಮೊನ್ನೆ ಅದೇ ಹುಡುಗ ಮತ್ತೆ ಫೋನ್ ಮಾಡಿದ್ದ, ಈ ಸಲ 30% ಡಿಸ್ಕೌಂಟ್ ಅಂತೆ. "ಡ್ರಾಯಿಂಗ್ ಇರೋ ಎನ್‌ಕ್ವೈರಿಗೆ ಮಾತ್ರ ದುಡ್ಡು ತಗೊಳ್ಳೋ ಪ್ಲಾನ್ ಇದ್ದರೆ ಹೇಳಪ್ಪ, ಈಗಲೇ ಕಟ್ಟುತ್ತೀನಿ" ಅಂದೆ. ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ "ಸರ್, ಡ್ರಾಯಿಂಗ್ ಅಂದ್ರೆ ಫೋಟೊ ಆಗುತ್ತಾ?" ಅಂತ ಕೇಳಿದ.