ಇಕೊಂಟಾ 520: ಹೊಳಪು ಬಿಡಿ, ಬೆಲ್ಲೋಸ್ ನೋಡಿ

ಮುಂಬೈ ಚೋರ್ ಬಜಾರಿನಲ್ಲಿ ಲೈಕಾ ಎಂದು ಕೈಗಿಡುವುದರಲ್ಲಿ ಹೆಸರು ಕೆತ್ತಿಸಿಕೊಂಡ ಸೋವಿಯತ್ ಕ್ಯಾಮೆರಾಗಳೂ ಇರುತ್ತವೆ. ಆ ಗೊಡವೆ ಬೇಡದವರು ಜೈಸ್ ಇಕಾನ್ ಇಕೊಂಟಾ 520 ಕೇಳಿ. 1930ರ ದಶಕದ ಈ ಮಡಚುವ ಜರ್ಮನ್ ಕ್ಯಾಮೆರಾ ಕೋಟಿನ ಜೇಬಿಗೆ ಹಿಡಿಯುತ್ತದೆ, ಇಂದಿಗೂ ಸಿಗುವ 120 ರೋಲ್ ಫಿಲ್ಮಿನಲ್ಲಿ 16 ಚಿತ್ರ ಕೊಡುತ್ತದೆ. ಶುಕ್ರವಾರ ಹೋಗಬೇಡಿ, ಅಂಗಡಿಗಳು ಮುಚ್ಚಿರುತ್ತವೆ.

ಕತ್ತಲೆ ಮೂಲೆಯಲ್ಲಿ ಹಿಂಬಾಗಿಲು ತೆಗೆದು ಮೊಬೈಲ್ ಟಾರ್ಚ್ ಬಿಟ್ಟರೆ ಬೆಲ್ಲೋಸಿನ, ಅಂದರೆ ಲೆನ್ಸಿಗೂ ಹಿಂಬದಿಗೂ ನಡುವಿನ ಮಡಿಕೆ ಮಡಿಕೆಯ ಹೊದಿಕೆಯ, ಬಣ್ಣ ಬಯಲಾಗುತ್ತದೆ. ತೂತು ಬೀಳುವುದು ಮಡಿಕೆಯ ಮೂಲೆಗಳಲ್ಲೇ. ಒಂದೆರಡು ಸೂಜಿಮೊನೆಯಷ್ಟಿದ್ದರೆ ಕಪ್ಪು ಫ್ಯಾಬ್ರಿಕ್ ಪೇಂಟ್ ತೆಳ್ಳಗೆ ಹಚ್ಚಿ, ಬಿಚ್ಚಿಟ್ಟೇ ಒಂದು ದಿನ ಒಣಗಿಸಿ. ದಪ್ಪಗೆ ಬಳಿದರೆ ಮಡಿಕೆಗಳು ಅಂಟಿ ಹರಿಯುತ್ತವೆ. ಒಳಗೆ ಖಾಲಿ ಸ್ಪೂಲ್ ಇದೆಯೇ? ಇಲ್ಲದಿದ್ದರೆ ಫಿಲ್ಮ್ ಸುತ್ತಿಕೊಳ್ಳಲು ಆಸರೆಯೇ ಇಲ್ಲ.

ಕಾಂಪುರ್ ಶಟರಾದರೆ 1 ಸೆಕೆಂಡಿಗೆ ಇಟ್ಟು ಕಿವಿಗೊಡಿ. ಸದ್ದು ನಡುವೆ ಎಡವಿದರೆ ಗ್ರೀಸ್ ಗಟ್ಟಿಯಾಗಿದೆ, ರಿಪೇರಿಯ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಕಡಿಮೆ ದರದ ಡೆರ್ವಾಲ್ ಶಟರಿನಲ್ಲಿ ವೇಗಗಳು ಕಡಿಮೆ, ಕೆಡುವುದೂ ಕಡಿಮೆ. ಬಿಸಿಲಲ್ಲಿ ತೆಗೆಯುವವರಿಗೆ ಅದೇ ಸಾಕು.

ಹೆಚ್ಚಿನವರು ಎಡವುವುದು ಹಿಂದಿನ ಎರಡು ಕೆಂಪು ಕಿಟಕಿಗಳಲ್ಲಿ. ಅಂದಿನ ಫಿಲ್ಮಿನ ಹಿಂಬದಿಯ ಕಾಗದದಲ್ಲಿ, ಈ ಕಿಟಕಿಗಳಲ್ಲಿ ಕಾಣುವಂತೆ, 1ರಿಂದ 8ರವರೆಗಷ್ಟೇ ಅಂಕಿ ಇತ್ತು. ಹಾಗಾಗಿ 1 ಮೊದಲ ಕಿಟಕಿಗೆ ಬಂದಾಗ ಒಂದು ಚಿತ್ರ, ಅದೇ 1 ಎರಡನೆಯದಕ್ಕೆ ಸರಿದಾಗ ಇನ್ನೊಂದು, ಆಮೇಲೆ 2. ಒಂದೇ ಕಿಟಕಿ ನೋಡುತ್ತ ತಿರುಗಿಸಿದರೆ ಅರ್ಧ ಫಿಲ್ಮ್ ಖಾಲಿ. ಆಗಿನ ಆರ್ಥೋಕ್ರೊಮ್ಯಾಟಿಕ್ ಫಿಲ್ಮಿಗೆ ಕೆಂಪು ಬೆಳಕು ಕಾಣುತ್ತಿರಲಿಲ್ಲ. ಇಂದಿನ ಪ್ಯಾನ್‌ಕ್ರೊಮ್ಯಾಟಿಕ್‌ಗೆ ಕಾಣುತ್ತದೆ. ಕಿಟಕಿಗೆ ಕಪ್ಪು ಟೇಪ್ ಅಂಟಿಸಿ, ನೆರಳಲ್ಲಿ ತಿರುಗಿಸುವಾಗ ಮಾತ್ರ ಎತ್ತಿ.

ಇನ್ನೊಂದು ಗುಟ್ಟು: ಮೊದಲು ಕ್ಯಾಮೆರಾ ತೆರೆಯಿರಿ, ಅನಂತರ ಫಿಲ್ಮ್ ತಿರುಗಿಸಿ. ಬೆಲ್ಲೋಸ್ ಪಟ್ಟನೆ ಹಿಗ್ಗಿದಾಗ ಒಳಗೆ ಗಾಳಿಯ ಒತ್ತಡ ಇಳಿದು ಫಿಲ್ಮ್ ಮುಂದಕ್ಕೆ ಉಬ್ಬುತ್ತದೆ. ತಿರುಗಿಸಿದರೆ ಮತ್ತೆ ಬಿಗಿಯಾಗುತ್ತದೆ. ಚಿತ್ರ ಮಸುಕಾಯಿತೆಂದು ಟೆಸ್ಸಾರ್ ಲೆನ್ಸನ್ನು ಬೈಯುವವರಲ್ಲಿ ಅರ್ಧ ಜನ ಈ ತಪ್ಪು ಮಾಡಿದವರೇ ಇರಬೇಕು.

ಎರಡನೇ ಮಹಾಯುದ್ಧಕ್ಕೆ ಮುಂಚಿನ ಈ ಲೆನ್ಸಿಗೆ ಬೆಳಕಿನ ಪ್ರತಿಫಲನ ತಗ್ಗಿಸುವ ಕೋಟಿಂಗ್ ಇಲ್ಲ. ಮರೀನ್ ಡ್ರೈವಿನಲ್ಲಿ ಸಂಜೆ ಸೂರ್ಯನಿಗೆ ಎದುರಾಗಿ ತೆಗೆದರೆ ಚಿತ್ರ ಹಾಲಿನಂತೆ ಬಿಳಚುತ್ತದೆ. ಅಂಗೈ ಅಡ್ಡ ಹಿಡಿಯಿರಿ. ಮಳೆಗಾಲದಲ್ಲಿ ಚರ್ಮದ ಚೀಲ ಬೂಸ್ಟಿಗೆ ತವರುಮನೆ. ಅದನ್ನು ಬೇರೆ ಇಟ್ಟು, ಕ್ಯಾಮೆರಾವನ್ನು ಸಿಲಿಕಾ ಜೆಲ್ ಜೊತೆ ಗಾಳಿಯಾಡದ ಡಬ್ಬಿಯಲ್ಲಿಡಿ. ಫಿಲ್ಮಿಗೆ ಫೋರ್ಟಿನ ಬೋರಾ ಬಜಾರಿನತ್ತ ವಿಚಾರಿಸಿ.