ಮಂಡಿಪೇಟೆಯ ಗ್ರಂಧಿಗೆ ಅಂಗಡಿಯ ನೆಲನೆಲ್ಲಿ: ಕಟ್ಟು ಕೊಳ್ಳಬಹುದು, ಪುಡಿ ಬೇಡ

ತುಮಕೂರಿನ ಮಂಡಿಪೇಟೆಯ ಹಳೆಯ ಗ್ರಂಧಿಗೆ ಅಂಗಡಿಯೊಂದರಲ್ಲಿ, ಕಾಮಾಲೆಗೆ ಮದ್ದೆಂದು ಜನ ಬಳಸುವ ನೆಲನೆಲ್ಲಿ ಎರಡು ರೂಪದಲ್ಲಿ ಸಿಗುತ್ತದೆ. ಒಂದು, ಬೇರುಸಹಿತ ಒಣಗಿಸಿ ಕಟ್ಟಿದ ಇಡೀ ಗಿಡ; ಇನ್ನೊಂದು, ಹೊರಗಿನ ತಯಾರಕರು ಡಬ್ಬಿಯಲ್ಲಿ ತುಂಬಿ ಕಳುಹಿಸುವ ಪುಡಿ. ಪುಡಿಯ ಬೆಲೆ ಕಟ್ಟಿನ ಎರಡರಷ್ಟಕ್ಕೂ ಹೆಚ್ಚು. ಎರಡನ್ನೂ ತಂದು ಪರಿಶೀಲಿಸಿದ ಮೇಲೆ ನಾನು ಶಿಫಾರಸು ಮಾಡುವುದು ಕಟ್ಟನ್ನು ಮಾತ್ರ.

ನೆಲನೆಲ್ಲಿಯೆಂದು ಮಾರಾಟವಾಗುವುದೆಲ್ಲ ಒಂದೇ ಗಿಡವಲ್ಲ. ಬೆಟ್ಟದ ನೆಲ್ಲಿಕಾಯಿಯೂ ಸೇರಿರುವ ಫಿಲಾಂತಸ್ ಕುಲದಲ್ಲಿ ನೋಡಲು ಒಂದೇ ತೆರನಾದ ಪುಟ್ಟ ಕಳೆಗಳು ಹಲವಿವೆ. ಔಷಧಿಗೆ ಬಯಸುವುದು ಹೆಚ್ಚಾಗಿ ಫಿಲಾಂತಸ್ ಅಮಾರಸ್ ಎಂಬ ಪ್ರಭೇದವನ್ನು. ಫಿಲಾಂಥಿನ್ ಮತ್ತು ಹೈಪೊಫಿಲಾಂಥಿನ್ ಎಂಬ ಲಿಗ್ನಾನ್‌ಗಳು (ಗಿಡಗಳಲ್ಲಿರುವ ಒಂದು ಬಗೆಯ ರಾಸಾಯನಿಕಗಳು) ಸಮೃದ್ಧವಾಗಿರುವುದು ಅದರಲ್ಲಿಯೇ. ಇಡೀ ಗಿಡ ಕೈಗೆ ಸಿಕ್ಕಿದಾಗ ಭೂತಗನ್ನಡಿ ಹಿಡಿದು ಕಾಯಿಯ ಬುಡದಲ್ಲಿ ಉಳಿದಿರುವ ಎಸಳುಗಳನ್ನು ಎಣಿಸಬಹುದು: ಅಮಾರಸ್‌ಗೆ ಐದು, ಅದೇ ಕುಲದ ಫ್ರಾಟರ್ನಸ್ ಪ್ರಭೇದಕ್ಕೆ ಆರು. ಕಾಯಿ ಒರಟಾಗಿ, ತೊಟ್ಟಿಲ್ಲದೆ ಕಡ್ಡಿಗೇ ಅಂಟಿಕೊಂಡಿದ್ದರೆ ಅದು ಯುರಿನೇರಿಯಾ ಎಂಬ ಇನ್ನೊಂದು ಪ್ರಭೇದ. ಈ ಅಂಗಡಿಯ ಕಟ್ಟಿನಲ್ಲಿ ನಾನು ಬಿಡಿಸಿ ನೋಡಿದ ಗಿಡಗಳ ಕಾಯಿಗಳು ನುಣುಪಾಗಿದ್ದು, ಚಿಕ್ಕ ತೊಟ್ಟು ಮತ್ತು ಐದು ಎಸಳು ಹೊಂದಿದ್ದವು. ಎಲೆಗಳಲ್ಲಿ ಹಸಿರು ಉಳಿದಿದ್ದರಿಂದ ನೆರಳಿನಲ್ಲಿಯೇ ಒಣಗಿಸಿದ್ದಾರೆಂದು ನಂಬಬಹುದು. ಪುಡಿಯಲ್ಲಿ ಇಂಥ ಪರೀಕ್ಷೆಗೆ ಅವಕಾಶವೇ ಇಲ್ಲ.

ಡಬ್ಬಿಯ ಮೇಲಿನ ಬರಹದ ಬಗ್ಗೆ ಹೆಚ್ಚು ಹೇಳಬೇಕಾಗಿದೆ. ಅದರಲ್ಲಿ 'ಫಿಲಾಂಥಿನ್ ಭರಿತ' ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿ, ಶೇಕಡಾವಾರು ಪ್ರಮಾಣವನ್ನು ಎಲ್ಲಿಯೂ ಕೊಡದೆ, ಪುಡಿಯನ್ನು ನೀರಿನಲ್ಲಿ ಚೆನ್ನಾಗಿ ಕುದಿಸಿ, ಸೋಸಿ ಕುಡಿಯಬೇಕೆಂದು ಸೂಚಿಸಲಾಗಿದೆ. ಫಿಲಾಂಥಿನ್ ನೀರಿನಲ್ಲಿ ಕರಗುವುದು ತೀರಾ ಕಡಿಮೆ. ಪ್ರಯೋಗಾಲಯಗಳಲ್ಲಿ ಅದನ್ನು ಬೇರ್ಪಡಿಸಲು ಮೆಥನಾಲ್‌ನಂಥ ದ್ರಾವಕ ಬಳಸುತ್ತಾರೆ. ನೀರಿಗೆ ಸುಲಭವಾಗಿ ಇಳಿಯುವುದು ಜೆರಾನಿಯಿನ್, ಕೊರಿಲಾಜಿನ್ ಮೊದಲಾದ ಟ್ಯಾನಿನ್‌ಗಳೆಂಬ ಒಗರು ವಸ್ತುಗಳು, ಮತ್ತು ಬಹಳ ಹೊತ್ತು ಕುದಿಸಿದರೆ ಜೆರಾನಿಯಿನ್ ಕೂಡ ಒಡೆದು ಕೊರಿಲಾಜಿನ್, ಎಲ್ಲಾಜಿಕ್ ಆಮ್ಲಗಳಾಗುತ್ತದೆ. ಇವಕ್ಕೂ ಉತ್ಕರ್ಷಣ ನಿರೋಧಕ ಗುಣವಿದೆಯೆಂಬುದು ನಿಜವಾದರೂ, ಡಬ್ಬಿ ಹೊಗಳುವ ವಸ್ತುವಿನ ಬಹುಪಾಲು ಸೋಸಿದ ಗಸಿಯ ಜೊತೆ ಹೊರಗೆ ಹೋಗುತ್ತದೆ.

ಅದೇ ಡಬ್ಬಿ 'ಹೆಪಟೈಟಿಸ್ ಬಿ ನಿವಾರಕ' ಎಂದೂ ಹೇಳಿಕೊಳ್ಳುತ್ತದೆ; ಅದು ವೈರಾಣುವಿನಿಂದ ಬರುವ ಯಕೃತ್ತಿನ ಕಾಯಿಲೆ. ಈ ಮಾತಿಗೆ ಹಿನ್ನೆಲೆಯೊಂದಿದೆ. ಮದ್ರಾಸಿನ ಸಂಶೋಧಕರು, ಆ ವೈರಾಣುವಿನ ಶೋಧಕ್ಕಾಗಿ 1976ರಲ್ಲಿ ನೊಬೆಲ್ ಪಡೆದಿದ್ದ ಬರೂಚ್ ಬ್ಲೂಮ್‌ಬರ್ಗ್ ಅವರೊಡನೆ ಸೇರಿ 1988ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಮಾರಸ್ ಸೇವಿಸಿದ 37 ಮಂದಿಯಲ್ಲಿ 22 ಮಂದಿಯ ರಕ್ತದಿಂದ ವೈರಾಣುವಿನ ಮೇಲ್ಮೈ ಪ್ರತಿಜನಕ, ಅಂದರೆ ಸೋಂಕಿರುವುದನ್ನು ತೋರಿಸುವ ಗುರುತು, ಕಣ್ಮರೆಯಾಗಿತ್ತು. ನಂತರ ಬೇರೆಡೆ ನಡೆದ ಹಲವು ಪ್ರಯೋಗಗಳಲ್ಲಿ ಅಂಥ ಫಲ ಕಂಡುಬರಲಿಲ್ಲ. ಇದನ್ನು ಮುಚ್ಚಿಟ್ಟು ಡಬ್ಬಿಯ ಮೇಲೆ 'ನಿವಾರಕ' ಎಂದು ಬರೆಯುವುದು ಅನ್ಯಾಯ. ಕಾಮಾಲೆಗೆ ವೈರಾಣುವೂ ಕಾರಣವಾಗಬಹುದು, ಪಿತ್ತನಾಳದ ಕಲ್ಲೂ ಕಾರಣವಾಗಬಹುದು. ರಕ್ತಪರೀಕ್ಷೆ ಮಾಡಿಸದೆ ಯಾವ ಪುಡಿಯನ್ನೂ ನೆಚ್ಚುವಂತಿಲ್ಲ.

ಅಂಗಡಿಯವರ ನಡವಳಿಕೆ ಮಾತ್ರ ಮೆಚ್ಚುವಂಥದು. ಡಬ್ಬಿಯನ್ನು ಅವರು ಒತ್ತಾಯಿಸಿ ಮಾರಲಿಲ್ಲ. ಕಟ್ಟನ್ನು ಬಿಚ್ಚಿ ನೋಡಲು ಬಿಟ್ಟರು. ಸರಕು ಗಿಡಮೂಲಿಕೆಗಳಿಗೆ ಹೆಸರಾದ ಸಿದ್ಧರಬೆಟ್ಟದ್ದೆಂದು ಹೆಮ್ಮೆಯಿಂದ ಹೇಳಿದರು, ಆದರೆ ಮಳೆ ಬಿದ್ದ ಮೇಲೆ ತೆಂಗು, ಅಡಿಕೆ ತೋಟಗಳಲ್ಲಿ ತಾನಾಗಿ ಹುಟ್ಟುವ ಈ ಕಳೆಗೆ ಬೆಟ್ಟದ ಹೆಸರಿನ ಅಗತ್ಯವಿಲ್ಲ. ಕಟ್ಟಿನ ಮೇಲೆ ಕಿತ್ತ ತಿಂಗಳನ್ನು ಬರೆದಿರುವುದಿಲ್ಲವಾದ್ದರಿಂದ ಕೇಳಿಯೇ ಕೊಳ್ಳಬೇಕು. ಮಳೆಗಾಲ ಮುಗಿಯುತ್ತಿದ್ದಂತೆ ಬರುವ ಹೊಸ ಸರಕು ಒಳ್ಳೆಯದು. ಬೇರಿನಲ್ಲಿ ಮಣ್ಣು ಧಾರಾಳವಾಗಿರುತ್ತದೆ. ತೂಕ ಹಾಕಿಸುವ ಮೊದಲು ಕೊಡವಲು ಹೇಳಿದರೆ ಅವರು ಬೇಸರಪಡುವುದಿಲ್ಲ.