ಮೂರು ವರ್ಷ ಬಳಸಿದ ಮೇಲೆ: ಧಾರವಾಡದ ಸಪ್ತಾಪುರದಲ್ಲಿ ನನ್ನ ಫೈಬರ್ ಲೈನ್

ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಮಕ್ಕಳಿಗಾಗಿ ಒಂದು ರೀಡಿಂಗ್ ರೂಮ್ ನಡೆಸುತ್ತೇನೆ. ಇಲ್ಲಿ ಇಂಟರ್‌ನೆಟ್ ಕೈಕೊಟ್ಟರೆ ಮಾಕ್ ಟೆಸ್ಟ್ ಅರ್ಧಕ್ಕೇ ನಿಲ್ಲುತ್ತದೆ. ಮೂರು ವರ್ಷದಿಂದ ಒಬ್ಬ ಲೋಕಲ್ ಆಪರೇಟರ್ ಕೊಟ್ಟ 100 ಎಂಬಿಪಿಎಸ್ ಫೈಬರ್ ಬಳಸುತ್ತಿದ್ದೇನೆ. ಸ್ಪೀಡ್ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಒಪ್ಪಿಕೊಂಡಷ್ಟು ಬರುತ್ತದೆ. ಈ ಲೈನ್ ಬಿಡದೆ ಇಟ್ಟುಕೊಂಡಿರುವುದು ಬೇರೆ ಕಾರಣಕ್ಕೆ. ಇವರು ನನ್ನ ಕನೆಕ್ಷನ್ನನ್ನು ದಿನವಿಡೀ ಪಿಂಗ್ ಮಾಡುತ್ತಾರೆ, ಅಂದರೆ ಲೈನ್ ನಡೆಯುತ್ತಿದೆಯೇ ಅಂತ ವಿಚಾರಿಸುತ್ತಲೇ ಇರುತ್ತಾರೆ.

ಇದನ್ನು ಮೊದಲು ಗಮನಿಸಿದ್ದು ನಮ್ಮಲ್ಲಿ ಓದುತ್ತಿದ್ದ ಹುಡುಗ. ರೂಟರ್ ಲಾಗ್ ನೋಡಿ, ‘ಸರ, ಯಾರೋ ನಮ್ಮ ಲೈನ್ ಮ್ಯಾಲೆ ಕಣ್ಣಿಟ್ಟಾರ್ರಿ’ ಅಂದ. ಒಂದೇ ವಿಳಾಸದಿಂದ ಪದೇ ಪದೇ ವಿಚಾರಣೆ ಬರುತ್ತಿತ್ತು. ಅದು ಆಪರೇಟರ್‌ನ ಮಾನಿಟರಿಂಗ್ ಸರ್ವರ್. ಆ ಹುಡುಗನಿಗಿದ್ದಂಥ ಭಯ ಬಹಳ ಜನರಿಗೆ ಇದೆ, ಅದಕ್ಕೇ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಪಿಂಗ್ ಕೇಳುವುದು ಇಷ್ಟೇ: ‘ಇದ್ದೀಯಾ?’ ನಮ್ಮ ರೂಟರ್ ‘ಇದ್ದೇನೆ’ ಅನ್ನುತ್ತದೆ. ಹೋಗಿ ಬರಲು ಎಷ್ಟು ಮಿಲಿಸೆಕೆಂಡ್ ಹಿಡಿಯಿತು ಅಂತ ಆ ಕಡೆ ಬರೆದುಕೊಳ್ಳುತ್ತಾರೆ. 1983ರ ಡಿಸೆಂಬರ್‌ನಲ್ಲಿ ಅಮೆರಿಕದ ಮೈಕ್ ಮೂಸ್ ನೆಟ್‌ವರ್ಕ್‌ನ ತೊಂದರೆ ಹುಡುಕಲು ಬರೆದ ಪುಟ್ಟ ಪ್ರೋಗ್ರಾಂ ಇದು, ಇವತ್ತಿಗೂ ಅದೇ ಕೆಲಸ ಮಾಡುತ್ತಿದೆ. ನೀವು ಯಾವ ಸೈಟ್ ನೋಡಿದಿರಿ, ಏನು ಟೈಪ್ ಮಾಡಿದಿರಿ ಅನ್ನುವುದು ಪಿಂಗ್‌ನಿಂದ ಗೊತ್ತಾಗುವುದಿಲ್ಲ. ಡೇಟಾ ಕೂಡ ತಿನ್ನುವುದಿಲ್ಲ. ಲಿನಕ್ಸ್‌ನ ಮಾಮೂಲಿ ಪಿಂಗ್ ಒಂದು ಸಲಕ್ಕೆ 84 ಬೈಟ್. ನಿಮಿಷಕ್ಕೊಂದರಂತೆ ದಿನಕ್ಕೆ 1440 ಸಲ ಕೇಳಿದರೂ, ಉತ್ತರವೂ ಸೇರಿ 250 ಕೆಬಿ ದಾಟುವುದಿಲ್ಲ. ಮೊಬೈಲಿನ ಒಂದು ಫೋಟೊ ಇದಕ್ಕಿಂತ ದೊಡ್ಡದು.

ಇದರಿಂದ ನಮಗೇನು ಲಾಭ? ಮಳೆಗಾಲದಲ್ಲಿ ಗೊತ್ತಾಗುತ್ತದೆ. ನಮ್ಮೂರಲ್ಲಿ ಫೈಬರ್ ಕಂಬದಿಂದ ಕಂಬಕ್ಕೆ ಜೋತಾಡುತ್ತಾ ಬರುತ್ತದೆ. ಜೋರು ಗಾಳಿಗೆ ಟೊಂಗೆ ಬಿದ್ದರೆ ಕಟ್. ಒಂದೇ ಫೈಬರ್ ಸ್ಪ್ಲಿಟರ್‌ನಲ್ಲಿ ಒಡೆದು ಎಂಟು, ಹದಿನಾರು, ಮೂವತ್ತೆರಡು ಮನೆಗೆ ಹೋಗುತ್ತದೆ. ನನ್ನೊಬ್ಬನ ರೂಟರ್ ಉತ್ತರ ಕೊಡದಿದ್ದರೆ ತೊಂದರೆ ನನ್ನ ಮನೆಯ ವೈರಿನಲ್ಲಿ ಇರಬಹುದು. ಆ ಸ್ಪ್ಲಿಟರ್‌ನ ಎಲ್ಲ ಮನೆಗಳೂ ಒಟ್ಟಿಗೆ ಸುಮ್ಮನಾದರೆ ಕಟ್ ಆಗಿರುವುದು ಸ್ಪ್ಲಿಟರ್‌ಗಿಂತ ಹಿಂದೆ, ಆಪರೇಟರ್ ಕಡೆಯ ಫೈಬರ್‌ನಲ್ಲಿ. ಟೆಕ್ನಿಷಿಯನ್ ಏಣಿ ಹೊತ್ತು ಮನೆ ಮನೆ ಅಲೆಯಬೇಕಿಲ್ಲ, ನೇರ ಆ ಕಂಬಕ್ಕೇ ಹೋಗುತ್ತಾನೆ. ಎಲ್ಲ ಗಿರಾಕಿಗಳನ್ನೂ ಬಿಡದೆ ಪಿಂಗ್ ಮಾಡುವುದರ ದೊಡ್ಡ ಉಪಯೋಗ ಇದೇ ಅನ್ನಿಸುತ್ತದೆ. ಒಬ್ಬನ ಉತ್ತರವನ್ನು ಇನ್ನೊಬ್ಬನದರ ಜೊತೆ ಹೋಲಿಸಿ ನೋಡಬಹುದು.

ಬರೀ ಕರೆಂಟ್ ಹೋಗಿದ್ದರೆ? ಆಗಲೂ ಪಿಂಗ್‌ಗೆ ಉತ್ತರ ಬರುವುದಿಲ್ಲ ಅಲ್ವಾ. ಒಮ್ಮೆ ಯುಪಿಎಸ್ ಕೂಡ ಕೈಕೊಟ್ಟಿದ್ದಾಗ ಅವರೇ ಫೋನ್ ಮಾಡಿ, ‘ಸರ, ನಿಮ್ಮಲ್ಲಿ ಕರೆಂಟ್ ಹೋಗೇತೇನ್ರಿ?’ ಅಂತ ಕೇಳಿದರು. ಹೇಗೆ ಗೊತ್ತಾಯಿತು ಅಂದರೆ, ಬಹಳಷ್ಟು ಫೈಬರ್ ಪೆಟ್ಟಿಗೆಗಳು ವಿದ್ಯುತ್ ನಿಂತ ಕೂಡಲೇ ಪೂರ್ತಿ ಆಫ್ ಆಗುವ ಮೊದಲು ಒಂದು ಕೊನೆಯ ಸಂದೇಶ ಕಳಿಸುತ್ತವೆ. ಅದಕ್ಕೆ ಡೈಯಿಂಗ್ ಗ್ಯಾಸ್ಪ್ ಅನ್ನುತ್ತಾರೆ. ಫೈಬರ್ ಕಟ್ ಆದರೆ ಆ ಸಂದೇಶ ತಲುಪುವುದಿಲ್ಲ, ನಮ್ಮ ಪೆಟ್ಟಿಗೆಯಲ್ಲಿ ಸಿಗ್ನಲ್ ಬರುತ್ತಿಲ್ಲ ಅಂತ ತಿಳಿಸುವ ಎಲ್‌ಒಎಸ್ ದೀಪ ಕೆಂಪಗೆ ಹೊತ್ತಿಕೊಳ್ಳುತ್ತದೆ.

ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟು ಲಾಗಿನ್ ಆಗುವ ಕನೆಕ್ಷನ್‌ಗಳಲ್ಲಿ (ಇವಕ್ಕೆ ಪಿಪಿಪಿಒಇ ಅನ್ನುತ್ತಾರೆ) ಎಲ್‌ಸಿಪಿ ಎಕೋ ಅನ್ನುವ ಇನ್ನೊಂದು ವಿಚಾರಣೆಯೂ ನಡೆಯುತ್ತದೆ. ಕೆಲವು ಸಲ ಉತ್ತರ ಬರದಿದ್ದರೆ ಆ ಕಡೆಯ ಸರ್ವರ್ ಹಳೆಯ ಸೆಷನ್, ಅಂದರೆ ಆ ಲಾಗಿನ್‌ನ ಸಂಪರ್ಕ, ಮುಚ್ಚುತ್ತದೆ. ಒಂದು ಸಲಕ್ಕೆ ಒಂದೇ ಲಾಗಿನ್‌ಗೆ ಅವಕಾಶ ಕೊಡುವ ಆಪರೇಟರ್ ಹತ್ತಿರ ಇದು ಬೇಕೇ ಬೇಕು. ಇಲ್ಲದಿದ್ದರೆ ಕರೆಂಟ್ ಬಂದ ಮೇಲೂ ಹಳೆಯ ಸೆಷನ್ ಇನ್ನೂ ಇದೆ ಅಂತ ಹೊಸ ಲಾಗಿನ್ ಒಳಗೆ ಬಿಡುವುದಿಲ್ಲ.

ಸಂಜೆ ಹೊತ್ತಿನ ನಿಧಾನವನ್ನೂ ಪಿಂಗ್ ತೋರಿಸುತ್ತದೆ. ಫೈಬರ್‌ನಲ್ಲಿ ಬೆಳಕು ಸಾವಿರ ಕಿಲೋಮೀಟರ್ ಹೋಗಲು ಸುಮಾರು 5 ಮಿಲಿಸೆಕೆಂಡ್ ಸಾಕು. ಹಾಗೆ ನೋಡಿದರೆ ಬೆಂಗಳೂರಿಗೆ ಹೋಗಿ ಬರಲು ನಾಲ್ಕೈದು ಮಿಲಿಸೆಕೆಂಡ್, ದಾರಿಯ ರೂಟರ್‌ಗಳೂ ಸೇರಿ ಇನ್ನಷ್ಟು. ನಮ್ಮಲ್ಲಿ ಹಗಲು ಹದಿನೈದರ ಒಳಗೇ ಇರುತ್ತಿದ್ದದ್ದು ಎಂಟು ಗಂಟೆ ಆದ ಮೇಲೆ ನೂರು ದಾಟುತ್ತಿತ್ತು. ದಿನಾ ಅದೇ ಹೊತ್ತಿಗೆ ಹೀಗಾದರೆ ವೈರಿನ ದೋಷವಲ್ಲ, ಮುಂದಿನ ಲಿಂಕ್ ತುಂಬಿದೆ ಅಂತ ಅರ್ಥ. ಅವರ ಗ್ರಾಫ್‌ನಲ್ಲೂ ಅದು ಕಾಣುತ್ತಿತ್ತು, ವಾದ ಮಾಡುವ ಪ್ರಮೇಯವೇ ಬರಲಿಲ್ಲ. ಮುಂದಿನ ತಿಂಗಳು ಬ್ಯಾಂಡ್‌ವಿಡ್ತ್ ಹೆಚ್ಚಿಸಿದರು.

ಇನ್ನು ಬೇಸರದ ಮಾತು. ಪಿಂಗ್ ಬರುವುದು ರೂಟರ್ ತನಕ ಮಾತ್ರ. ಅಲ್ಲಿಂದ ಆಚೆ ವೈಫೈ ಹೇಗಿದೆ ಅಂತ ಅದಕ್ಕೆ ತಿಳಿಯದು. ಮೂಲೆ ಟೇಬಲ್ಲಿನ ಹುಡುಗಿಗೆ ಸಿಗ್ನಲ್ ಸಿಗದಿದ್ದರೂ ಕಸ್ಟಮರ್ ಕೇರ್‌ನವರು ‘ನಮ್ಮ ಕಡೆ ಲೈನ್ ಓಕೆ ಐತ್ರಿ’ ಅಂದುಬಿಡುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ, ಆದರೆ ಅವಳ ಸಮಸ್ಯೆ ಹಾಗೇ ಉಳಿಯುತ್ತದೆ. ಹಾಗಾಗಿ ಫೋನ್ ಮಾಡುವ ಮೊದಲು ನಿಮ್ಮ ಕಂಪ್ಯೂಟರ್‌ನಿಂದ ರೂಟರ್‌ಗೇ ಪಿಂಗ್ ಮಾಡಿ ನೋಡಿ. ವಿಳಾಸ ಸಾಮಾನ್ಯವಾಗಿ 192.168.1.1 ಇರುತ್ತದೆ. ಅಲ್ಲೇ ಉತ್ತರ ತಪ್ಪುತ್ತಿದ್ದರೆ ತೊಂದರೆ ಮನೆಯೊಳಗೇ ಇದೆ. ಸ್ವಂತ ರೂಟರ್ ಕೊಂಡವರು ಇನ್ನೊಂದು ನೋಡಿಕೊಳ್ಳಿ. ಹೊರಗಿನ ಪಿಂಗ್‌ಗೆ ಉತ್ತರ ಕೊಡದಂತೆ ಕೆಲವು ರೂಟರ್‌ಗಳಲ್ಲಿ ಮೊದಲೇ ಸೆಟ್ ಆಗಿರುತ್ತದೆ. ಹಾಗಿದ್ದರೆ ನಿಮ್ಮ ಲೈನ್ ಚೆನ್ನಾಗಿದ್ದರೂ ಆಪರೇಟರ್ ಪರದೆಯಲ್ಲಿ ಬಿದ್ದಂತೆ ಕಾಣಬಹುದು.

ರಾತ್ರಿಯ ಕಥೆ ಬೇರೆ. ಪರೀಕ್ಷೆ ಹತ್ತಿರ ಬಂದಾಗ ಮಕ್ಕಳು ಎರಡು ಗಂಟೆವರೆಗೆ ಕೂತಿರುತ್ತಾರೆ. ಸರ್ವರ್ ಆಗಲೂ ಪಿಂಗ್ ಮಾಡುತ್ತಲೇ ಇರುತ್ತದೆ, ಆದರೆ ಹತ್ತರ ಮೇಲೆ ಅದನ್ನು ನೋಡುವವರು ಯಾರೂ ಇರುವುದಿಲ್ಲ. ಲೈನ್ ಬಿದ್ದರೆ ಬೆಳಗಿನವರೆಗೂ ಕಾಯಬೇಕು. ರಾತ್ರಿ ಪಾಳಿಗೆ ಒಬ್ಬರನ್ನು ಇಡಿ ಅಂತ ಕೇಳಿದ್ದೇನೆ, ಇನ್ನೂ ಇಟ್ಟಿಲ್ಲ. ಅದಕ್ಕೇ ಐದರಲ್ಲಿ ನಾಲ್ಕು ಸ್ಟಾರ್ ಕೊಟ್ಟಿದ್ದೇನೆ.